ಕೆನಡಾದ ಗಾಂಜಾ ಅಂಗಡಿಯಲ್ಲಿ ಬಡ್‌ಟೆಂಡರ್ ಕೆಲಸ ಹೇಗಿರುತ್ತದೆ?

"ಓದಲು ಕೆನಡಾದ ಒಂಟಾರಿಯೊ ಪ್ರಾಂತ್ಯಕ್ಕೆ ಬಂದಿದ್ದೇನೆ. ಗಾಂಜಾ ಅಂಗಡಿಯಲ್ಲಿ ಬಡ್‌ಟೆಂಡರ್ ಕೆಲಸ, ಅಂದರೆ ಕೌಂಟರ್‌ನಲ್ಲಿ ಗಾಂಜಾ ಮಾರುವ ಕೆಲಸ ಖಾಲಿ ಇದೆ ಅಂತ ರೂಮ್‌ಮೇಟ್ ಹೇಳಿದ. ನಾನು ಸಿಗರೇಟ್ ಕೂಡ ಮುಟ್ಟಿದವನಲ್ಲ. ಅಲ್ಲಿ ಏನು ಮಾಡಬೇಕು, ಏನು ಗೊತ್ತಿರಬೇಕು, ಮನೆಯಲ್ಲಿ ಏನಂತ ಹೇಳಲಿ?" ಅಂತ ಕೇಳಿದ್ದೀರಿ. ಓದಿ ನಗು ಬಂತು, ಏಕೆಂದರೆ ಒಂದು ಕಾಲಕ್ಕೆ ಇದೇ ಮೂರು ಪ್ರಶ್ನೆ ನನ್ನ ತಲೆಯಲ್ಲೂ ಕೊರೆಯುತ್ತಿದ್ದವು. 2021ರ ಕೊನೆಗೆ ಒಂಟಾರಿಯೊದ ಬ್ರ್ಯಾಂಪ್ಟನ್ ಊರಿನ ಒಂದು ಅಂಗಡಿಗೆ ಸೇರಿದೆ. ಎರಡು ವರ್ಷ ಅಲ್ಲೇ ಇದ್ದೆ.

ಮೊದಲು ನಿಮ್ಮ ಭಯದ ಮಾತು. ಸೇದುವ ಅಭ್ಯಾಸ ಇರಲೇಬೇಕು ಅಂತೇನಿಲ್ಲ. ನಮ್ಮಲ್ಲಿ ಏಳು ಜನರಲ್ಲಿ ಇಬ್ಬರು ಅದನ್ನು ಮುಟ್ಟುತ್ತಿರಲಿಲ್ಲ. ಸಕ್ಕರೆ ಕಾಯಿಲೆ ಇರುವ ಅಡುಗೆ ಭಟ್ಟರು ಮದುವೆ ಮನೆಗೆ ಮೈಸೂರು ಪಾಕ್ ಮಾಡುವುದಿಲ್ವಾ, ಹಾಗೆ. ಆದರೆ ಸರಕಿನ ಬಗ್ಗೆ ಗೊತ್ತಿಲ್ಲದೆ ನಿಲ್ಲಲು ಆಗುವುದಿಲ್ಲ.

ಇಲ್ಲಿ ಗಾಂಜಾ ಕಾನೂನುಬದ್ಧ ಆಗಿದ್ದು 2018ರ ಅಕ್ಟೋಬರ್ 17ರಂದು. ಒಂಟಾರಿಯೊದಲ್ಲಿ ಖಾಸಗಿ ಅಂಗಡಿಗಳು ತೆರೆದಿದ್ದು 2019ರ ಏಪ್ರಿಲ್‌ನಲ್ಲಿ. ಕೆಲಸ ಶುರು ಮಾಡುವ ಮೊದಲು ಕ್ಯಾನ್‌ಸೆಲ್ ಅನ್ನುವ ಆನ್‌ಲೈನ್ ಕೋರ್ಸ್ ಮುಗಿಸಿರಬೇಕು. ವಯಸ್ಸು 19 ತುಂಬಿರಬೇಕು. ಕೋರ್ಸ್ ಕಷ್ಟವೇನಲ್ಲ, ಆದರೆ ಸುಮ್ನೆ ಕ್ಲಿಕ್ ಮಾಡಿಕೊಂಡು ಹೋಗಬೇಡಿ. ಅದರಲ್ಲಿ ಹೇಳುವ ಕಾನೂನೇ ಮುಂದೆ ನಿಮ್ಮ ದಿನದ ಅರ್ಧ ಕೆಲಸ.

ಬಾಗಿಲಿನಿಂದಲೇ ಶುರು. 25 ವರ್ಷಕ್ಕಿಂತ ಚಿಕ್ಕವರ ಹಾಗೆ ಕಂಡ ಪ್ರತಿಯೊಬ್ಬರ ಐಡಿ ನೋಡಬೇಕು. 19 ಆಗದವರು ಕೊಳ್ಳುವುದಿರಲಿ, ಒಳಗೆ ಕಾಲಿಡುವ ಹಾಗೂ ಇಲ್ಲ. ಮಗುವನ್ನು ಎತ್ತಿಕೊಂಡು ಬಂದ ತಾಯಿಯನ್ನೂ ನಾನು ವಾಪಸ್ ಕಳಿಸಿದ್ದೇನೆ, ಬೈಸಿಕೊಂಡಿದ್ದೇನೆ. ಅವಧಿ ಮುಗಿದ ಐಡಿ ನಡೆಯುವುದಿಲ್ಲ. ಆಗಲೇ ಅಮಲಿನಲ್ಲಿ ತೂರಾಡುತ್ತಾ ಬಂದವರಿಗೆ ಮಾರುವ ಹಾಗಿಲ್ಲ. ಒಬ್ಬರಿಗೆ ಒಂದು ಸಲಕ್ಕೆ ಗಾಂಜಾ ಗಿಡದ 30 ಗ್ರಾಂ ಒಣ ಹೂವು ಅಥವಾ ಅದಕ್ಕೆ ಸಮನಾದ ಬೇರೆ ಸರಕು, ಅಷ್ಟೇ. ಹೀಗೆ ದಿನಕ್ಕೆ ಹತ್ತಾರು ಸಲ 'ಆಗಲ್ಲ' ಅನ್ನಬೇಕಾಗುತ್ತದೆ. ಎದುರಿನವರ ಮುಖ ಕೆಡದ ಹಾಗೆ 'ಆಗಲ್ಲ' ಅನ್ನಲು ಬಂದರೆ ನೀವು ಅರ್ಧ ಬಡ್‌ಟೆಂಡರ್ ಆದ ಹಾಗೆ.

ಇನ್ನರ್ಧ ಕೇಳಿಸಿಕೊಳ್ಳುವುದು. ಗಿರಾಕಿ ಒಳಗೆ ಬಂದವರೇ "ಎಲ್ಲಕ್ಕಿಂತ ಸ್ಟ್ರಾಂಗ್ ಯಾವುದು?" ಅಂತ ಕೇಳುತ್ತಾರೆ. ಹೊಸ ಹುಡುಗರು ಸೀದಾ ಹೋಗಿ ಜಾಸ್ತಿ ಟಿಎಚ್‌ಸಿ (ಗಾಂಜಾದಲ್ಲಿ ಅಮಲು ಬರಿಸುವ ಅಂಶ) ಇರುವ ಡಬ್ಬಿ ತಂದಿಡುತ್ತಾರೆ. ಹಾಗೆ ಮಾಡಬೇಡಿ. ಮೊದಲು ತಗೊಂಡಿದ್ದೀರಾ? ಯಾವಾಗ, ಎಷ್ಟು? ಸೇದುತ್ತೀರಾ, ತಿನ್ನುತ್ತೀರಾ? ಇವತ್ತು ಗಾಡಿ ಓಡಿಸುವುದಿದೆಯಾ? ಎರಡು ನಿಮಿಷ ಹೀಗೆ ಮಾತಾಡಿದರೆ 'ಸ್ಟ್ರಾಂಗ್' ಕೇಳಿದವರಲ್ಲಿ ಎಷ್ಟೋ ಜನಕ್ಕೆ ನಿಜವಾಗಿ ಬೇಕಾಗಿದ್ದು ತೀರಾ ಹಗುರದ್ದು ಅಂತ ಗೊತ್ತಾಗುತ್ತದೆ.

ಲೇಬಲ್ ಓದಲು ಚೆನ್ನಾಗಿ ಕಲಿಯಿರಿ. ನಾನಿದ್ದಾಗ ಡಬ್ಬಿಯ ಮೇಲೆ ಟಿಎಚ್‌ಸಿ ಅಂತ ಒಂದು ಅಂಕಿ, ಟೋಟಲ್ ಟಿಎಚ್‌ಸಿ ಅಂತ ಇನ್ನೊಂದು ಅಂಕಿ ಇರುತ್ತಿತ್ತು. ಬಿಸಿ ತಾಗದ ಹೂವಿನಲ್ಲಿ ಇರುವುದು ಹೆಚ್ಚಾಗಿ ಟಿಎಚ್‌ಸಿಎ. ಅದಕ್ಕೆ ಬಿಸಿ ತಾಗಿದ ಮೇಲೆಯೇ ಅದು ಅಮಲು ಬರಿಸುವ ಟಿಎಚ್‌ಸಿ ಆಗುವುದು. ಹಾಗಾಗಿ ಹೂವು ಕೊಳ್ಳುವವರು ನೋಡಬೇಕಾದ್ದು ಟೋಟಲ್ ಅನ್ನು. ಗ್ರಾಂಗೆ 220 ಮಿಲಿಗ್ರಾಂ ಅಂದರೆ ಶೇಕಡಾ 22. ಮೊದಲ ವಾರ ನಾನು ಚಿಕ್ಕ ಅಂಕಿಯನ್ನೇ ತೋರಿಸಿ "ಇದು ತುಂಬಾ ಲೈಟ್ ಸರ್" ಅಂತ ಒಬ್ಬರಿಗೆ ಹೇಳುತ್ತಿದ್ದೆ. ಪಕ್ಕದಲ್ಲಿದ್ದ ಸೀನಿಯರ್ ಕೆಮ್ಮಿ ಉಳಿಸಿದಳು. ಪ್ಯಾಕ್ ಮಾಡಿದ ತಾರೀಕನ್ನೂ ನೋಡಿ. ಹಳೇ ಗಿರಾಕಿಗಳು ಮೊದಲು ಕೇಳುವುದೇ ಅದನ್ನು. ಹಳತಾದ ಹೂವು ಒಣಗಿ ಪುಡಿಯಾಗುತ್ತದೆ, ವಾಸನೆಯೂ ಹೋಗುತ್ತದೆ.

ಇಂಡಿಕಾ, ಸಟೈವಾ ಅನ್ನುವ ಎರಡು ತಳಿಯ ಹೆಸರು ದಿನವಿಡೀ ಕಿವಿಗೆ ಬೀಳುತ್ತವೆ. ಇಂಡಿಕಾ ಅಂದರೆ ನಿದ್ದೆ, ಸಟೈವಾ ಅಂದರೆ ಉಲ್ಲಾಸ ಅನ್ನುವುದು ಅಂಗಡಿಯ ಲೆಕ್ಕ. ಅದನ್ನು ಪೂರ್ತಿ ನಂಬಬೇಡಿ. ಟಿಎಚ್‌ಸಿ ಎಷ್ಟಿದೆ, ಅಮಲು ಬರಿಸದ ಅಂಶವಾದ ಸಿಬಿಡಿ ಎಷ್ಟಿದೆ, ಎಷ್ಟು ತಗೊಂಡರು ಅನ್ನುವುದೇ ಮುಖ್ಯ. ಅಂದ ಹಾಗೆ, ಇಂಡಿಕಾ ಅನ್ನುವ ಹೆಸರು ನಮ್ಮ ದೇಶದ್ದೇ. ಭಾರತದಿಂದ ಬಂದ ಗಿಡ ನೋಡಿ ಫ್ರಾನ್ಸಿನ ಸಸ್ಯವಿಜ್ಞಾನಿ ಲಮಾರ್ಕ್ 1785ರಲ್ಲಿ ಇಟ್ಟ ಹೆಸರು. ಇದನ್ನು ಹೇಳಿದರೆ ಗಿರಾಕಿಗಳು ಖುಷಿಪಡುತ್ತಾರೆ.

ಈಗ ನನ್ನ ತಪ್ಪಿನ ಕಥೆ. ಇಲ್ಲಿ ತಿನ್ನುವ ಸರಕಿನ ಒಂದು ಪ್ಯಾಕೆಟ್‌ನಲ್ಲಿ 10 ಮಿಲಿಗ್ರಾಂಗಿಂತ ಜಾಸ್ತಿ ಟಿಎಚ್‌ಸಿ ಇರುವಂತಿಲ್ಲ. ಸೇರಿದ ಹೊಸತರಲ್ಲಿ, ನಡುವಯಸ್ಸಿನ ಒಬ್ಬರು ಎರಡು ಪ್ಯಾಕೆಟ್ ಗಮ್ಮಿ (ಗಾಂಜಾ ಸೇರಿಸಿದ ಜೆಲ್ಲಿ ಮಿಠಾಯಿ) ಕೊಂಡರು, ಒಂದೊಂದರಲ್ಲಿ 10 ಮಿಲಿಗ್ರಾಂನ ಒಂದೇ ಗಮ್ಮಿ. ಮೊದಲ ಸಲ ಅಂದರು. "ನಿಧಾನ ತಗೊಳ್ಳಿ" ಅಂತ ಹೇಳಿ ಬಿಲ್ ಮಾಡಿದೆ. ಅವರು ಒಂದು ಗಮ್ಮಿ ತಿಂದು ಮುಕ್ಕಾಲು ಗಂಟೆ ಕಾದಿದ್ದಾರೆ. ಏನೂ ಆಗಲಿಲ್ಲ ಅಂತ ಇನ್ನೊಂದನ್ನೂ ತಿಂದಿದ್ದಾರೆ. ಆಮೇಲೆ ಎರಡೂ ಒಟ್ಟಿಗೆ ಏರಿವೆ. ರಾತ್ರಿಯೆಲ್ಲಾ ಎದೆ ಡವಡವ, ಸತ್ತೇ ಹೋಗುತ್ತೇನೆ ಅನ್ನುವ ಭಯ. ಮರುದಿನ ಬಂದು "ನಿಧಾನ ಅಂದೆಯಲ್ಲಪ್ಪಾ, ಎಷ್ಟು ನಿಧಾನ ಅಂತ ಹೇಳಲಿಲ್ಲ" ಅಂದರು. ಬೈದಿದ್ದರೆ ವಾಸಿ ಇತ್ತು. ಅವತ್ತಿಂದ ಬಾಯಿಪಾಠ ಮಾಡಿಕೊಂಡೆ: ಹೊಸಬರಾದರೆ 10 ಮಿಲಿಗ್ರಾಂ ಗಮ್ಮಿಯನ್ನು ನಾಲ್ಕು ತುಂಡು ಮಾಡಿ, ಒಂದೇ ತುಂಡು ತಿನ್ನಿ, ಅಂದರೆ 2.5 ಮಿಲಿಗ್ರಾಂ. ಏರಲು ಎರಡು ಗಂಟೆ ಹಿಡಿಯಬಹುದು, ಪೂರ್ತಿ ಗೊತ್ತಾಗಲು ನಾಲ್ಕು ಗಂಟೆ. ಅಲ್ಲಿವರೆಗೆ ಇನ್ನೊಂದು ತುಂಡು ಬೇಡ, ಹೆಂಡವೂ ಬೇಡ, ಸ್ಟೀರಿಂಗ್ ಅಂತೂ ಬೇಡವೇ ಬೇಡ.

ಎಲ್ಲಕ್ಕಿಂತ ಕಷ್ಟದ್ದು ಔಷಧಿಯ ವಿಷಯ. ನಾವು ಮೆಡಿಕಲ್ ಶಾಪ್ ಅಲ್ಲ. ಇಲ್ಲಿ ವೈದ್ಯರ ಚೀಟಿಯ ಗಾಂಜಾ ಬೇರೆ ದಾರಿಯಲ್ಲಿ, ಲೈಸೆನ್ಸ್ ಇರುವ ಕಂಪನಿಗಳಿಂದ ನೇರ ಮನೆಗೇ ಬರುತ್ತದೆ. ನಮ್ಮ ಕೌಂಟರ್‌ನಲ್ಲಿ "ಇದು ಆ ನೋವಿಗೆ ಒಳ್ಳೆಯದು" ಅಂತ ಹೇಳುವ ಹಾಗಿಲ್ಲ. ಒಂದು ಸಂಜೆ ಒಬ್ಬ ಹುಡುಗ ತಾಯಿಯನ್ನು ಕರೆದುಕೊಂಡು ಬಂದ. ಅವರು ಮಗನ ಕಿವಿಯಲ್ಲಿ "ಕೇಳೋ, ಮಂಡಿಗೆ ಎಣ್ಣೆ ಇದ್ಯಂತಲ್ಲ" ಅಂದಿದ್ದು ನನಗೆ ಕೇಳಿಸಿತು. ದಾವಣಗೆರೆ ಕಡೆಯ ಮಾತು. "ಬನ್ನಿ ಅಮ್ಮ" ಅಂದೆ. ಪಾಪ, ಅವರಿಗೆ ಗಂಟಲು ಕಟ್ಟಿತು. ಕನ್ನಡ ಕೇಳಿದ ಖುಷಿಗೋ, ಗಾಂಜಾ ಅಂಗಡಿಯಲ್ಲಿ ಸಿಕ್ಕಿಬಿದ್ದೆ ಅನ್ನುವ ನಾಚಿಕೆಗೋ, ಗೊತ್ತಾಗಲಿಲ್ಲ. ಮಾತಾಡುತ್ತಾ ರಕ್ತ ತೆಳುವಾಗುವ ಮಾತ್ರೆ ತಗೋತೀನಿ ಅಂದರು. ಸಿಬಿಡಿ ಎಣ್ಣೆ ಅಂಥ ಕೆಲವು ಮಾತ್ರೆಗಳ ಜೊತೆ ಸೇರಿದರೆ ತೊಂದರೆ ಆಗಬಹುದು. "ಅಮ್ಮ, ಡಾಕ್ಟರನ್ನೋ ಫಾರ್ಮಸಿಸ್ಟನ್ನೋ ಕೇಳದೆ ಇದನ್ನು ಮುಟ್ಟಬೇಡಿ" ಅಂತ ಹೇಳಿ ಬರಿಗೈಯಲ್ಲಿ ಕಳಿಸಿದೆ. ಮ್ಯಾನೇಜರ್ ದೂರದಿಂದ ನೋಡುತ್ತಿದ್ದರು, ಏನೂ ಅನ್ನಲಿಲ್ಲ. ಮಾರಾಟ ಆಗದಿದ್ದಾಗ ಏನೂ ಅನ್ನದ ಮ್ಯಾನೇಜರ್ ಸಿಕ್ಕರೆ ಆ ಅಂಗಡಿ ಬಿಡಬೇಡಿ.

ಉಳಿದದ್ದು ಎಲ್ಲ ಅಂಗಡಿಗಳ ಹಾಗೆ. ಮಾಲು ಇಳಿಸುವುದು, ಎಣಿಸುವುದು, ಕಸ ಗುಡಿಸುವುದು. ಎಣಿಕೆ ಮಾತ್ರ ಬಿಗಿ. ಪ್ರತಿ ಡಬ್ಬಿಯ ಲೆಕ್ಕ ಸರ್ಕಾರಕ್ಕೆ ಹೋಗುತ್ತದೆ, ಒಂದು ಪ್ರೀ-ರೋಲ್ (ಮೊದಲೇ ಸುತ್ತಿಟ್ಟ ಗಾಂಜಾ ಸಿಗರೇಟು) ಕಮ್ಮಿ ಬಿದ್ದರೂ ಹುಡುಕಾಟ. ಪಕ್ಕದ ಊರು ಮಿಸಿಸಾಗಾದಲ್ಲಿ 2023ರವರೆಗೆ ಅಂಗಡಿಗೆ ಅವಕಾಶವೇ ಇರಲಿಲ್ಲ, ಆಗ ಅಲ್ಲಿಯವರೂ ನಮ್ಮ ಕಡೆ ಬರುತ್ತಿದ್ದರು, ಶುಕ್ರವಾರ ಸಂಜೆ ನೀರು ಕುಡಿಯಲೂ ಬಿಡುವಿರಲಿಲ್ಲ. ಸಂಬಳ ಕನಿಷ್ಠ ಕೂಲಿಯ ಆಸುಪಾಸು. ಕ್ಲಾಸ್ ನಡೆಯುವಾಗ ನೀವು ಹೊರಗೆ ವಾರಕ್ಕೆ 24 ಗಂಟೆ ಮಾತ್ರ ದುಡಿಯಬಹುದು ಅನ್ನುವುದು ನೆನಪಿರಲಿ.

ಊರಿಗೆ ಹೋಗುವಾಗ ಬ್ಯಾಗಿನ ಮೂಲೆ ಮೂಲೆ ತಡಕಿ. ಕೆನಡಾದ ಗಡಿ ದಾಟಿಸಿದರೆ ಒಂದು ಗಮ್ಮಿ ಕೂಡ ಅಪರಾಧ. ಭಾರತದಲ್ಲಿ ಮಾದಕವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಕಾದಿರುತ್ತದೆ. "ನಮ್ಮೂರಲ್ಲಿ ಭಂಗಿ ನಡೆಯುತ್ತಲ್ಲ" ಅಂತ ವಾದ ಮಾಡಬೇಡಿ. ಆ ಕಾಯ್ದೆಯ ಗಾಂಜಾ ಅಂದರೆ ಹೂವು, ಬರೀ ಎಲೆ ಅದರಲ್ಲಿ ಬರುವುದಿಲ್ಲ. ನೀವು ಮಾರುವುದು ಹೂವನ್ನು ಮತ್ತು ಅದರ ಸಾರವನ್ನು. ಅಮೆರಿಕಕ್ಕೆ ಹೋಗುವ ಯೋಚನೆ ಇದ್ದರೆ ಈ ಕೆಲಸಕ್ಕೆ ಸೇರುವ ಮೊದಲೇ ಇಮಿಗ್ರೇಷನ್ ವಕೀಲರನ್ನು ಕೇಳಿ. ಅಲ್ಲಿನ ಕೇಂದ್ರ ಕಾನೂನಿನಲ್ಲಿ ಗಾಂಜಾ ವ್ಯಾಪಾರ ಈಗಲೂ ಅಪರಾಧವೇ, ಗಡಿಯಲ್ಲಿ ಪ್ರಶ್ನೆ ಬರಬಹುದು.

ಕೊನೆಗೆ, ಮನೆಯಲ್ಲಿ ಏನು ಹೇಳುವುದು. ಇದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಎರಡು ವರ್ಷ "ಸ್ಟೋರ್‌ನಲ್ಲಿ ಕೆಲಸ" ಅಂತ ಹೇಳಿಕೊಂಡೇ ಕಳೆದೆ. ಒಂದು ಸಲ ಅಪ್ಪ ಕೇಳಿದರು, "ನಿಮ್ಮ ಸ್ಟೋರ್‌ನಲ್ಲಿ ಸೋನಾ ಮಸೂರಿ ಸಿಗುತ್ತಾ?" ಇಲ್ಲ ಅಪ್ಪ, ಅಂದೆ. "ಮತ್ತೆ ಏನು ಮಾರ್ತೀರಿ?" ಅಂದರು. ಹೂವು, ಅಂದೆ. ಅಮ್ಮ ಅದನ್ನು ಇವತ್ತಿಗೂ ಬೀದಿಯವರಿಗೆಲ್ಲ ಹೇಳುತ್ತಾಳೆ, ಮಗ ಕೆನಡಾದಲ್ಲಿ ಹೂವಿನಂಗಡಿಯಲ್ಲಿದ್ದ ಅಂತ.