ಯುವಜನ ಶಿಬಿರದಲ್ಲಿ ವಾಂತಿಭೇದಿ ಹಬ್ಬಿದಾಗ: ಒರೆಸಿದವರು ಬಡಿಸಬಾರದು

ಎರಡನೇ ರಾತ್ರಿ ಒಬ್ಬ ಹುಡುಗ ವಾಂತಿ ಮಾಡಿದ, ಮರುದಿನ ಸಂಜೆಯಿಂದ ಒಬ್ಬೊಬ್ಬರಾಗಿ ಮಲಗಿದರು, ಶಿಬಿರವನ್ನು ಅರ್ಧಕ್ಕೇ ನಿಲ್ಲಿಸಬೇಕಿತ್ತೇ, ಮುಂದಿನ ಸಲಕ್ಕೆ ಎಷ್ಟು ಸ್ಯಾನಿಟೈಸರ್ ತರಿಸಬೇಕು ಎಂದು ಕೇಳಿದ್ದೀರಿ. ಚರ್ಚ್ ಶಿಬಿರಗಳಲ್ಲಿ ಆರೋಗ್ಯದ ಹೊಣೆ ಹೊತ್ತವರಲ್ಲಿ ನಾನೂ ಒಬ್ಬಳು. ನೀವು ಬರೆದ ರಾತ್ರಿ ನನಗೆ ಚೆನ್ನಾಗಿ ಗೊತ್ತು. ನಿಲ್ಲಿಸುವ ಮಾತು ಆಮೇಲಿನದು, ಸ್ಯಾನಿಟೈಸರ್ ಮಾತಂತೂ ಬೇಡವೇ ಬೇಡ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು, ನೀವು ಮೆಚ್ಚಿ ಬರೆದ ಒಂದು ಸಾಲು: "ಪಕ್ಕದ ಹಾಸಿಗೆಯ ಹುಡುಗನೇ ಎದ್ದು ಎಲ್ಲ ಒರೆಸಿದ, ಬೆಳಿಗ್ಗೆ ತಿಂಡಿ ಬಡಿಸಲೂ ಅವನೇ ನಿಂತ."

ಕಾಯಿಲೆ ಹಬ್ಬಿದ್ದು ಬಹುಪಾಲು ಆ ಸಾಲಿನಲ್ಲೇ ಇದೆ. ಆ ಹುಡುಗನ ತಪ್ಪೇನೂ ಇಲ್ಲ, ಸೇವೆ ಮಾಡು ಎಂದು ಕಲಿಸಿದ್ದನ್ನೇ ಅವನು ಮಾಡಿದ. ಅವನನ್ನು ತಡೆಯಬೇಕಾದ ದೊಡ್ಡವರು ಅಲ್ಲಿರಲಿಲ್ಲ.

ಶಿಬಿರದಲ್ಲಿ ಹೀಗೆ ಅಲೆಯಲೆಯಾಗಿ ಬರುವ ವಾಂತಿಭೇದಿ ಹೆಚ್ಚಾಗಿ ನೊರೊವೈರಸ್. ಸೋಂಕು ತಗುಲಿದ 12ರಿಂದ 48 ಗಂಟೆಗಳಲ್ಲಿ ಕಾಣಿಸಿಕೊಳ್ಳುತ್ತದೆ, 1ರಿಂದ 3 ದಿನ ಇರುತ್ತದೆ. ನೂರಕ್ಕೂ ಕಡಿಮೆ ವೈರಸ್ ಕಣಗಳು ಹೊಟ್ಟೆ ಸೇರಿದರೆ ಸಾಕು, ಕಾಯಿಲೆ ಬರುತ್ತದೆ. ವಾಂತಿಯಾದಾಗ ನಮಗೆ ಕಾಣುವುದು ನೆಲದ ಮೇಲಿನ ಗುಡ್ಡೆ ಮಾತ್ರ. ಸಣ್ಣ ಹನಿಗಳು ಗಾಳಿಗೆ ಎದ್ದು ಪಕ್ಕದ ಹೊದಿಕೆ, ನೀರಿನ ಬಾಟಲಿ, ಮಂಚದ ಕಂಬಿಯ ಮೇಲೆ ಕೂರುತ್ತವೆ. ಒರೆಸಲು ಬಗ್ಗಿದವನ ಮುಖ, ತೋಳು, ಅಂಗಿಯ ಮೇಲೂ ಕೂರುತ್ತವೆ. ಅವನು ಕೈ ತೊಳೆದಿರಬಹುದು, ಅಂಗಿ ಬದಲಿಸಿರುವುದಿಲ್ಲ. ಒರೆಸಿದ ಮಾಪ್ ಬಕೆಟ್ಟಿನಲ್ಲಿ ಹಿಂಡಿಸಿಕೊಂಡು ಮೂಲೆಯಲ್ಲಿ ನಿಲ್ಲುತ್ತದೆ. ಬೆಳಿಗ್ಗೆ ಊಟದ ಮನೆಗೂ ಅದೇ ಮಾಪ್ ಹೋಗುತ್ತದೆ, ಏಕೆಂದರೆ ಹೆಚ್ಚಿನ ಶಿಬಿರಗಳಲ್ಲಿ ಇರುವುದೇ ಒಂದು. ಅಷ್ಟರಲ್ಲಿ ಅವನ ಹೊಟ್ಟೆಯೊಳಗೂ ವೈರಸ್ ಬೆಳೆಯತೊಡಗಿರುತ್ತದೆ. ಇನ್ನೂ ಗಟ್ಟಿಮುಟ್ಟಾಗಿದ್ದಾನೆ ಎಂದುಕೊಂಡು ಅವನ ಕೈಗೆ ಸೌಟು ಕೊಡುತ್ತೀರಿ. ಒಂದು ಮಲಗುವ ಕೋಣೆಯಲ್ಲಿ ನಿಲ್ಲಬೇಕಾದದ್ದು ಒಂದೇ ಹೊತ್ತಿನ ಊಟದಲ್ಲಿ ಎಲ್ಲ ಗುಂಪುಗಳಿಗೂ ಹೋಗುವುದು ಹೀಗೆ.

ಹಾಗಾಗಿ ನನ್ನ ಮೊದಲ ನಿಯಮ: ವಾಂತಿ ಒರೆಸಿದವರು, ರೋಗಿಯ ಆರೈಕೆ ಮಾಡಿದವರು ಆ ಶಿಬಿರ ಮುಗಿಯುವವರೆಗೂ ಅಡುಗೆಮನೆಯ ಹೊಸ್ತಿಲು ದಾಟಬಾರದು. ತಾವೇ ಕಾಯಿಲೆ ಬಿದ್ದವರು, ಕೊನೆಯ ವಾಂತಿ ಅಥವಾ ಭೇದಿಯಾಗಿ 48 ಗಂಟೆ ಕಳೆಯುವವರೆಗೂ ಪಾತ್ರೆ, ತರಕಾರಿ, ಲೋಟ ಏನನ್ನೂ ಮುಟ್ಟಬಾರದು. "ಈಗ ಚೆನ್ನಾಗಿದ್ದೀನಿ ಅಕ್ಕ" ಎಂದು ಬರುವವರೇ ಹೆಚ್ಚು ಅಪಾಯ. ಗುಣವಾದ ಮೇಲೂ ಎರಡು ವಾರ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಕಾಲ, ಮಲದಲ್ಲಿ ವೈರಸ್ ಇರುತ್ತದೆ. ಶೌಚಾಲಯದಿಂದ ಬಂದು ಸೋಪಿನಿಂದ ಕೈ ತೊಳೆಯುವುದು 48 ಗಂಟೆಯ ಆಚೆಗೂ ತಪ್ಪಬಾರದು.

ಸ್ಯಾನಿಟೈಸರ್ ಯಾಕೆ ಬೇಡ ಎಂದರೆ, ಫ್ಲೂ, ಕೋವಿಡ್ ವೈರಸ್‌ಗಳಿಗೆ ಹೊರಗೆ ಕೊಬ್ಬಿನ ಹೊದಿಕೆ ಇದೆ, ಆಲ್ಕೋಹಾಲ್ ಅದನ್ನು ಒಡೆಯುತ್ತದೆ. ನೊರೊವೈರಸ್‌ಗೆ ಆ ಹೊದಿಕೆಯೇ ಇಲ್ಲ. ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 20 ಸೆಕೆಂಡು ಉಜ್ಜಿ ಅದನ್ನು ಕೈಯಿಂದ ಕಳಚಿ ಹರಿಸಬೇಕು. ಊಟದ ಮನೆಯ ಬಾಗಿಲಲ್ಲಿ ಸ್ಯಾನಿಟೈಸರ್ ಬಾಟಲಿ ಇಟ್ಟರೆ ಮಕ್ಕಳು ನಲ್ಲಿಯ ಕಡೆಗೆ ಹೋಗುವುದನ್ನೇ ಬಿಡುತ್ತಾರೆ. ಆ ದುಡ್ಡಿಗೆ ಬಾಗಿಲ ಹೊರಗೆ ಇನ್ನೆರಡು ನಲ್ಲಿ ಹಾಕಿಸಿ, ಸೋಪು ಇಡಿ, ಕೈ ತೊಳೆಯದವರನ್ನು ಒಳಗೆ ಬಿಡದ ಒಬ್ಬ ದೊಡ್ಡವರನ್ನು ನಿಲ್ಲಿಸಿ.

ಇನ್ನು ಒರೆಸುವ ಕ್ರಮ. ಮೊದಲು ಕೋಣೆಯಲ್ಲಿದ್ದ ಎಲ್ಲರನ್ನೂ ಹೊರಗೆ ಕಳಿಸಿ. ಕಿಟಕಿ ತೆಗೆಯಿರಿ, ಫ್ಯಾನ್ ಆರಿಸಿ. ಕೈಗವಸು, ಮಾಸ್ಕ್, ಪ್ಲಾಸ್ಟಿಕ್ ಏಪ್ರನ್ ಹಾಕಿಕೊಳ್ಳಿ. ವಾಂತಿಯ ಮೇಲೆ ಹಳೆ ಪತ್ರಿಕೆ ಅಥವಾ ಕಾಗದದ ಟವೆಲ್ ದಪ್ಪಗೆ ಹಾಸಿ, ಹೀರಿಕೊಂಡ ಮೇಲೆ ಹೊರಗಿನಿಂದ ಒಳಗೆ ಮಡಚುತ್ತ ಬಾಚಿ ಚೀಲಕ್ಕೆ ಹಾಕಿ ಕಟ್ಟಿ. ಪೊರಕೆ, ವ್ಯಾಕ್ಯೂಮ್ ಬೇಡ, ಅವು ಹನಿಗಳನ್ನು ಮತ್ತೆ ಗಾಳಿಗೆ ಎಬ್ಬಿಸುತ್ತವೆ. ಆಮೇಲೆ ಸೋಪುನೀರು, ಕೊನೆಗೆ ಬ್ಲೀಚ್. ಈ ಅನುಕ್ರಮ ತಪ್ಪಿಸಬೇಡಿ. ಕೊಳೆಯ ಮೇಲೆ ನೇರವಾಗಿ ಸುರಿದ ಕ್ಲೋರಿನ್ ಆ ಕೊಳೆಯ ಜೊತೆಗೇ ಖರ್ಚಾಗಿಹೋಗುತ್ತದೆ, ವೈರಸ್‌ಗೆ ಉಳಿಯುವುದಿಲ್ಲ. ನೆಲ ಒದ್ದೆ ಕಂಡು ಕೆಲಸ ಮುಗಿಯಿತು ಅಂದುಕೊಳ್ಳುತ್ತೀರಿ.

ಅಳತೆ ಹೀಗೆ. ಬಾಟಲಿಯ ಮೇಲೆ 5% ಎಂದಿದ್ದರೆ, 100 ಮಿ.ಲೀ. ಬ್ಲೀಚ್‌ಗೆ ನೀರು ಸೇರಿಸಿ ಒಟ್ಟು 1 ಲೀಟರ್ ಮಾಡಿ. ಅದು 5000 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 5000 ಭಾಗ ಕ್ಲೋರಿನ್), ವಾಂತಿಯಾದ ಜಾಗಕ್ಕೆ. ಬಾಗಿಲ ಹಿಡಿ, ನಲ್ಲಿ, ಸ್ವಿಚ್ಚು, ಮಂಚದ ಕಂಬಿಗೆ ಲೀಟರಿಗೆ 20 ಮಿ.ಲೀ. ಸಾಕು, ಅದು 1000 ಪಿಪಿಎಂ. ದ್ರವ ಬ್ಲೀಚ್ ಸಿಗದೆ 33% ಕ್ಲೋರಿನ್ನಿನ ಬ್ಲೀಚಿಂಗ್ ಪೌಡರ್ ಮಾತ್ರ ಇದ್ದರೆ, ವಾಂತಿಯಾದ ಜಾಗಕ್ಕೆ ಲೀಟರಿಗೆ 15 ಗ್ರಾಂ, ಉಳಿದವಕ್ಕೆ 3 ಗ್ರಾಂ. ಸುಣ್ಣ ತಳಕ್ಕೆ ಇಳಿಯಲು ಬಿಟ್ಟು ಮೇಲಿನ ನೀರು ಬಳಸಿ. ಹಚ್ಚಿದ ಜಾಗ 10 ನಿಮಿಷ ಒದ್ದೆಯಾಗಿಯೇ ಇರಬೇಕು, ಒಣಗಿದರೆ ಮತ್ತೆ ಹಚ್ಚಿ, ಆಮೇಲೆ ನೀರಿನಿಂದ ತೊಳೆಯಿರಿ. ಸುತ್ತ ಕನಿಷ್ಠ 2 ಮೀಟರ್ ಒರೆಸಿ, ನೆಲವನ್ನಷ್ಟೇ ಅಲ್ಲ, ಎದೆಯೆತ್ತರದವರೆಗಿನ ಗೋಡೆಯನ್ನೂ. ನೀರು ಬೆರೆಸಿದ ಬ್ಲೀಚ್ ದಿನ ಕಳೆದಂತೆ ಸತ್ವ ಕಳೆದುಕೊಳ್ಳುತ್ತದೆ, ದಿನಾ ಹೊಸದು ಮಾಡಿ. ಶೌಚಾಲಯ ತೊಳೆಯುವ ಆಮ್ಲದ ಜೊತೆ ಬ್ಲೀಚ್ ಬೆರೆತರೆ ವಿಷಾನಿಲ ಏಳುತ್ತದೆ. ಎರಡೂ ಬಾಟಲಿ ಒಂದೇ ಕಪಾಟಿನಲ್ಲಿ ಇಡಬೇಡಿ, ಗಾಬರಿಯಲ್ಲಿ ಯಾರಾದರೂ ಎರಡನ್ನೂ ಸುರಿದುಬಿಡುತ್ತಾರೆ.

ಮುಗಿದ ಮೇಲೆ ಒರೆಸಿದವರು ಕೈಗವಸನ್ನು ಒಳಮೈ ಹೊರಗಾಗುವಂತೆ ತಿರುಚಿ ತೆಗೆದು, ಸೋಪಿನಿಂದ ಕೈ ತೊಳೆದು, ಸ್ನಾನ ಮಾಡಿ ಬಟ್ಟೆ ಬದಲಿಸಬೇಕು. ಹಾಸುಹೊದಿಕೆಗಳನ್ನು ಕೊಡವದೆ ಸುತ್ತಿ ಚೀಲಕ್ಕೆ ಹಾಕಿ, ಬಿಸಿನೀರಿನಲ್ಲಿ ಒಗೆಯಿರಿ. ಬ್ಲೀಚ್ ತಾಳದ ಹಾಸಿಗೆಯನ್ನು ಆ ಶಿಬಿರದ ಮಟ್ಟಿಗೆ ಬದಿಗಿಟ್ಟುಬಿಡಿ.

ರೋಗಿಗಳಿಗೆ ಎರಡು ಕೋಣೆ ಬೇಕು. ವಾಂತಿಯವರನ್ನೂ ಜ್ವರ-ಕೆಮ್ಮಿನವರನ್ನೂ ಒಂದೇ ಕಡೆ ಮಲಗಿಸಿದರೆ ಇವರಿಗೆ ಅವರದು, ಅವರಿಗೆ ಇವರದು. ವಾಂತಿಯ ಕೋಣೆಗೆ ಬೇರೆ ಶೌಚಾಲಯ, ಪ್ರತಿ ಹಾಸಿಗೆಗೂ ಒಂದು ಮುಚ್ಚಳದ ಬಕೆಟ್. ಸರದಿಯಲ್ಲಿ ಸದಾ ಇಬ್ಬರು ದೊಡ್ಡವರು ಇರಲಿ, ಒಬ್ಬರೇ ಮಕ್ಕಳ ಜೊತೆ ಇರುವುದು ಬೇಡ.

ವಾಂತಿಯಾದ ಮೇಲೆ 10 ನಿಮಿಷ ಸುಮ್ಮನಿದ್ದು, ಓಆರ್‌ಎಸ್ ಅನ್ನು ಎರಡು ನಿಮಿಷಕ್ಕೊಂದು ಚಮಚದಂತೆ ಕೊಡಿ. ಮಕ್ಕಳು ಬಾಯಾರಿ ಲೋಟ ಕಿತ್ತುಕೊಳ್ಳುತ್ತಾರೆ, ಗಟಗಟ ಕುಡಿದರೆ ಅಷ್ಟೂ ವಾಪಸ್ ಬರುತ್ತದೆ. ಪೊಟ್ಟಣದ ಮೇಲೆ 1 ಲೀಟರ್ ಎಂದಿದ್ದರೆ ಪೂರ್ತಿ ಪೊಟ್ಟಣಕ್ಕೆ ಪೂರ್ತಿ ಲೀಟರ್. ಕಣ್ಣಳತೆಯಲ್ಲಿ ಅರ್ಧ ಪೊಟ್ಟಣ ಲೋಟಕ್ಕೆ ಹಾಕುವುದು ಅಪಾಯ, ಉಪ್ಪು ಹೆಚ್ಚಾಗುತ್ತದೆ. ಕಲಸಿ 24 ಗಂಟೆ ಆದದ್ದನ್ನು ಚೆಲ್ಲಿ. ಭೇದಿ ನಿಲ್ಲಿಸುವ ಮಾತ್ರೆ ಮಕ್ಕಳಿಗೆ ನೀವಾಗಿ ಕೊಡಬೇಡಿ. ಜ್ವರಕ್ಕೆ ಆಸ್ಪಿರಿನ್ ಕೂಡದು, ಫ್ಲೂ ಅಥವಾ ಸೀತಾಳೆ ಸಿಡುಬಿನ ಜ್ವರದಲ್ಲಿ ಅದು ರೇ ಸಿಂಡ್ರೋಮ್ ಎಂಬ ಮಾರಕ ತೊಂದರೆಗೆ ದಾರಿಯಾಗಬಹುದು. 8 ಗಂಟೆ ಮೂತ್ರ ಹೋಗದಿದ್ದರೆ, ಮಂಪರು ಕವಿದರೆ, ಮಲದಲ್ಲಿ ರಕ್ತ ಕಂಡರೆ ಆಸ್ಪತ್ರೆ. ಜ್ವರದ ಜೊತೆ ಕುತ್ತಿಗೆ ಸೆಟೆದರೆ, ಅಥವಾ ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು-ನೇರಳೆ ಚುಕ್ಕೆ ಕಂಡರೆ ಒಂದು ನಿಮಿಷವೂ ಕಾಯಬೇಡಿ, ಅದು ಮೆದುಳುಪೊರೆಯ ಸೋಂಕಿರಬಹುದು. ಪ್ರಾರ್ಥನೆಯನ್ನು ಗಾಡಿಯಲ್ಲಿ ಹೋಗುತ್ತಲೇ ಮಾಡಿ.

ಎರಡನೇ ರೋಗಿ ಬಂದ ಕೂಡಲೇ ಒಂದು ಪಟ್ಟಿ ಶುರುಮಾಡಿ: ಹೆಸರು, ಕೋಣೆ, ಗುಂಪು, ಯಾವ ಗಂಟೆಗೆ ಶುರುವಾಯಿತು, ಏನೇನು ತೊಂದರೆ, ಹಿಂದಿನ ದಿನ ಏನು ತಿಂದಿದ್ದರು. ಗಂಟೆಯೇ ಇಲ್ಲಿ ಮುಖ್ಯ. ಒಂದೇ ಊಟದ ನಂತರ 1ರಿಂದ 6 ಗಂಟೆಯೊಳಗೆ ಬಹಳ ಮಂದಿ ಒಟ್ಟಿಗೆ ವಾಂತಿ ಮಾಡಿದರೆ ಅದು ಆಹಾರದಲ್ಲಿನ ಬ್ಯಾಕ್ಟೀರಿಯಾದ ವಿಷ ಇರಬಹುದು, ಅಡುಗೆಮನೆಯನ್ನು ನೋಡಿ. ಒಬ್ಬರಾಗಿ, ಒಂದೆರಡು ದಿನ ಬಿಟ್ಟು ಗುಂಪಾಗಿ ಬಂದರೆ ಜನರಿಂದ ಜನರಿಗೆ ಹರಡುತ್ತಿದೆ. ಆರೋಗ್ಯ ಇಲಾಖೆಯವರು ಬಂದಾಗ ಮೊದಲು ಕೇಳುವುದೂ ಈ ಪಟ್ಟಿಯನ್ನೇ. ಪ್ರತಿ ಊಟದ ಒಂದಿಷ್ಟು ಮಾದರಿಯನ್ನು ದಿನಾಂಕ ಬರೆದು 72 ಗಂಟೆ ಫ್ರಿಜ್ಜಿನಲ್ಲಿಡಿ.

ಜ್ವರ-ಕೆಮ್ಮಿನ ಕಥೆ ಬೇರೆ. ಫ್ಲೂ ಬಂದವರು ಲಕ್ಷಣ ಕಾಣುವ ಹಿಂದಿನ ದಿನದಿಂದಲೇ ಹರಡುತ್ತಿರುತ್ತಾರೆ. ಪ್ಯಾರಾಸಿಟಮಾಲ್ ಕೊಟ್ಟು ಜ್ವರ ಇಳಿಸಿ ಸಂಜೆಯ ಆರಾಧನೆಗೆ ಕರೆತರುವುದು ಎಲ್ಲೆಡೆ ನಡೆಯುತ್ತದೆ, ದಯವಿಟ್ಟು ಮಾಡಬೇಡಿ. ಮಾತ್ರೆ ಇಲ್ಲದೆ 24 ಗಂಟೆ ಜ್ವರ ಬಾರದಿದ್ದರೆ ಮಾತ್ರ ಹೊರಗೆ ಬರಬಹುದು. ಹಾಡಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. 2020ರ ಮಾರ್ಚ್‌ನಲ್ಲಿ ಅಮೆರಿಕದ ಸ್ಕ್ಯಾಜಿಟ್ ಕಣಿವೆಯ ಗಾಯಕವೃಂದ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಂದಿದ್ದ 61 ಜನರಲ್ಲಿ 53 ಮಂದಿಗೆ ಕೋವಿಡ್ ಬಂತು, ಇಬ್ಬರು ತೀರಿಕೊಂಡರು. 2021ರ ಜೂನ್‌ನಲ್ಲಿ ಇಲಿನಾಯ್ ರಾಜ್ಯದಲ್ಲಿ ಚರ್ಚಿಗೆ ಸೇರಿದ, 14ರಿಂದ 18 ವರ್ಷದವರ ವಸತಿ ಶಿಬಿರ ಮತ್ತು ಒಂದು ಪುರುಷರ ಸಮಾವೇಶದಿಂದ 180 ಪ್ರಕರಣಗಳು ದಾಖಲಾದವು. ಕೆಮ್ಮು ಕಾಣಿಸಿದ ದಿನವೇ ಆರಾಧನೆಯನ್ನು ಬಯಲಿಗೆ ತನ್ನಿ, ಒಬ್ಬರಿಗೊಂದು ಮೈಕ್ ಇಲ್ಲದಿದ್ದರೆ ತಮ್ಮ ನಂಬಿಕೆಯ ಅನುಭವದ ಸಾಕ್ಷಿಯನ್ನು ಮೈಕ್ ಇಲ್ಲದೆಯೇ ಹೇಳಲಿ. ಕರ್ತನ ಭೋಜನದಲ್ಲಿ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ವಿಧಿ) ಒಂದೇ ಪಾತ್ರೆ ಸುತ್ತಿಸುವುದು, ಕೈಯಿಟ್ಟು ಪ್ರಾರ್ಥಿಸುವುದು, ಕೈಕೈ ಹಿಡಿದು ವೃತ್ತ ನಿಲ್ಲುವುದು ಯಾವುದೇ ಸೋಂಕಿದ್ದರೂ ನಿಲ್ಲಲಿ.

ಮಕ್ಕಳನ್ನು ಬೇರೆ ಇಡುವುದು ನಂಬಿಕೆಯ ಕೊರತೆ ಎಂದು ಹಿರಿಯರು ಯಾರಾದರೂ ಹೇಳಿದರೆ ಬೈಬಲಿನ ಯಾಜಕಕಾಂಡದ 13ನೇ ಅಧ್ಯಾಯ ತೆರೆದು ಓದಿಸಿ. ಚರ್ಮರೋಗದ ಸಂದೇಹವಿದ್ದವನನ್ನು ಏಳು ದಿನ ಪ್ರತ್ಯೇಕವಾಗಿರಿಸಿ ಮತ್ತೆ ನೋಡಬೇಕು ಎಂದು ಯಾಜಕನಿಗೇ ಹೇಳಿದೆ. ನಾನು ಕಂಡಂತೆ, ಈ ಮಾತಿನ ಮೇಲೆ ವಾದ ಮುಂದುವರಿಯುವುದಿಲ್ಲ.

ನಿಲ್ಲಿಸಬೇಕಿತ್ತೇ ಎಂಬುದಕ್ಕೆ ನನ್ನ ಉತ್ತರ: ಎಲ್ಲರನ್ನೂ ಒಂದೇ ಬಸ್ಸಿಗೆ ತುಂಬಿ ಕಳಿಸುವುದಾದರೆ ಬೇಡ. ಮುಚ್ಚಿದ ಬಸ್ಸಿನಲ್ಲಿ ಒಬ್ಬರು ವಾಂತಿ ಮಾಡಿದರೆ ಉಳಿದವರಿಗೂ ಅಂಟಿಸಿ, ಕೂಸು, ಅಜ್ಜ-ಅಜ್ಜಿ ಇರುವ ಮನೆಗಳಿಗೆ ಕಳಿಸಿದಂತೆ. ಕಾಯಿಲೆ ಬಿದ್ದವರನ್ನು ಅವರವರ ಹೆತ್ತವರೇ ಬಂದು ಒಯ್ಯಲಿ, ಜೊತೆಗೆ ಯಾವ ಕಾಯಿಲೆ, ಯಾವಾಗ ಶುರುವಾಯಿತು, ಕೊನೆಯ ವಾಂತಿ ಅಥವಾ ಭೇದಿಯಾಗಿ 48 ಗಂಟೆ ಕಳೆಯುವವರೆಗೂ ಶಾಲೆಗೂ ಭಾನುವಾರದ ಸಭೆಗೂ ಬೇಡ ಎಂದು ಬರೆದ ಚೀಟಿ ಕೊಡಿ. ಆರೈಕೆಗೆ ನಿಂತ ದೊಡ್ಡವರೇ ಮಲಗತೊಡಗಿದರೆ, ಅಡುಗೆಯವರಲ್ಲಿ ಒಬ್ಬರಿಗೆ ವಾಂತಿಯಾದರೆ, ಬೇರೆ ಶೌಚಾಲಯ ಕೊಡಲಾಗದಿದ್ದರೆ ಅದೇ ದಿನ ಮುಗಿಸಿ. ದಡಾರದ ಅನುಮಾನ ಬಂದರೆ ನಿರ್ಧಾರ ನಿಮ್ಮದಲ್ಲ. ಆ ಕ್ಷಣವೇ ಆರೋಗ್ಯ ಇಲಾಖೆಗೆ ತಿಳಿಸಿ. ಆ ವೈರಸ್ ಕೋಣೆಯ ಗಾಳಿಯಲ್ಲಿ 2 ಗಂಟೆಯವರೆಗೆ ಉಳಿಯುತ್ತದೆ, ಸಂಪರ್ಕಕ್ಕೆ ಬಂದವರಿಗೆ ಲಸಿಕೆ ಹಾಕಲು ಸಿಗುವುದು 72 ಗಂಟೆ ಮಾತ್ರ.

ಮುಂದಿನ ಸಲ ನೋಂದಣಿ ಚೀಟಿಯಲ್ಲೇ ಬರೆಯಿರಿ: ಹೊರಡುವ ಹಿಂದಿನ 48 ಗಂಟೆಯಲ್ಲಿ ವಾಂತಿ, ಭೇದಿ, ಜ್ವರ ಬಂದಿದ್ದರೆ ಬರಬೇಡಿ, ಶುಲ್ಕ ಪೂರ್ತಿ ವಾಪಸ್. ಶುಲ್ಕ ಹಿಂದಿರುಗಿಸದ ಶಿಬಿರಗಳಿಗೆ ಹೆತ್ತವರು ಮಾತ್ರೆ ನುಂಗಿಸಿ ಮಕ್ಕಳನ್ನು ಕಳಿಸುತ್ತಾರೆ. ಲಸಿಕೆಯ ದಾಖಲೆ ಕೇಳಿ. ಹಾಸಿಗೆಗಳನ್ನು ಒಬ್ಬರ ತಲೆ ಇನ್ನೊಬ್ಬರ ಕಾಲ ಕಡೆ ಬರುವಂತೆ ಹಾಕಿ. ನೂರು ಜನಕ್ಕೆ 5 ಲೀಟರ್ ಬ್ಲೀಚ್, 200 ಕೈಗವಸು, 50 ಪೊಟ್ಟಣ ಓಆರ್‌ಎಸ್, ಒಂದು ಅಳತೆ ಲೋಟ, ಕೆಂಪು ಬಣ್ಣ ಹಚ್ಚಿದ ಒಂದು ಮಾಪ್ ಮತ್ತು ಬಕೆಟ್ ಇರಲಿ. ಕೆಂಪಿನದು ರೋಗಿಗಳ ಜಾಗಕ್ಕೆ ಮಾತ್ರ. ಒರೆಸುವ ಹೊಣೆಗೆ ಇಬ್ಬರು ದೊಡ್ಡವರ ಹೆಸರನ್ನು ಮೊದಲೇ ಬರೆದು, ಅಡುಗೆಯ ಸರದಿಯಿಂದ ಆ ಎರಡು ಹೆಸರನ್ನು ಹೊಡೆದುಹಾಕಿ. ಮಕ್ಕಳಿಗೆ ಮೊದಲ ದಿನವೇ ಹೇಳಿ: ಗೆಳೆಯ ವಾಂತಿ ಮಾಡಿದರೆ ಒರೆಸಬೇಡಿ, ಓಡಿ ಬಂದು ಇವರನ್ನು ಎಬ್ಬಿಸಿ. ಶಿಬಿರ ಮುಗಿದ ಮೇಲೆ ಮೂರು ದಿನ ಮನೆಗಳಿಗೆ ಫೋನ್ ಮಾಡಿ ವಿಚಾರಿಸಿ. ರೋಗಿಗಳ ಪಟ್ಟಿ, ಕೋಣೆವಾರು ಹೆಸರುಗಳ ಪಟ್ಟಿ ಎರಡನ್ನೂ ಮೂರು ವಾರ ಎಸೆಯಬೇಡಿ. ಸೀತಾಳೆ ಸಿಡುಬು ಕಾಣಿಸಿಕೊಳ್ಳಲು 21 ದಿನ ಹಿಡಿಯಬಹುದು, ಆಗ ಯಾರ ಪಕ್ಕ ಯಾರು ಮಲಗಿದ್ದರು ಎಂದು ಹೇಳಲು ಆ ಕಾಗದ ಬೇಕಾಗುತ್ತದೆ.