ಮಳೆಗಾಲದಲ್ಲಿ ಗಿಡಕ್ಕೆ ಊಟ ಎಲ್ಲಿಂದ?

ಪ್ರಶ್ನೆ: ಮಂಗಳೂರಿನ ಕದ್ರಿಯಲ್ಲಿ ನಮ್ಮದು ಎರಡನೇ ಮಹಡಿಯ ಫ್ಲ್ಯಾಟ್. ದಕ್ಷಿಣದ ಬಾಲ್ಕನಿಯಲ್ಲಿ ಚಟ್ಟಿಗಳಲ್ಲಿ ಗುಳ್ಳ (ದುಂಡು ಬದನೆ), ಮೆಣಸು, ಬಸಳೆ ಇಟ್ಟಿದ್ದೇನೆ. ಮಾರ್ಚ್‌ವರೆಗೆ ಚೆನ್ನಾಗಿದ್ದವು. ಈಗ ಆಟಿಯಲ್ಲಿ (ತುಳುವರ ಜುಲೈ–ಆಗಸ್ಟ್ ತಿಂಗಳು) ಕಾಂಡ ಸಪೂರವಾಗಿ ಉದ್ದಕ್ಕೆ ಹೋಗುತ್ತಿದೆ, ಅಡಿಯ ಎಲೆಗಳು ಹಳದಿಯಾಗಿ ಉದುರುತ್ತಿವೆ. ವಾರಕ್ಕೊಮ್ಮೆ ಗೊಬ್ಬರ ಕೊಡುತ್ತಿದ್ದೇನೆ. ಇನ್ನೂ ಜಾಸ್ತಿ ಕೊಡಬೇಕೇ?

ಉತ್ತರ: ಬೇಡ, ಈಗ ಕೊಡುತ್ತಿರುವುದನ್ನೂ ಅರ್ಧಕ್ಕೆ ಇಳಿಸಿ. ಗೊಬ್ಬರವನ್ನು ಗಿಡದ ಆಹಾರವೆಂದು ಹೇಳಿ ಮಾರುವುದರಿಂದ ಈ ಗೊಂದಲ ಎಲ್ಲೆಡೆ ಇದೆ. ಗಿಡದ ನಿಜವಾದ ಆಹಾರ ಸಕ್ಕರೆ. ಅದನ್ನು ಗಿಡ ಮಣ್ಣಿನಿಂದ ಹೀರುವುದಿಲ್ಲ, ಎಲೆಯಲ್ಲೇ ತಯಾರಿಸುತ್ತದೆ. ಎಲೆಯನ್ನು ಪೂರ್ತಿ ಒಣಗಿಸಿ ತೂಗಿದರೆ 100 ಗ್ರಾಂನಲ್ಲಿ 90ಕ್ಕಿಂತ ಹೆಚ್ಚು ಗ್ರಾಂ ಗಾಳಿಯಿಂದ ಮತ್ತು ನೀರಿನಿಂದ ಬಂದ ಇಂಗಾಲ, ಆಮ್ಲಜನಕ, ಜಲಜನಕಗಳೇ. ಮಣ್ಣಿನಿಂದ ಬಂದದ್ದು ಉಳಿದ ಕೆಲವು ಗ್ರಾಂ ಮಾತ್ರ.

ತಯಾರಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲನೆಯದರಲ್ಲಿ ಎಲೆಯ ಹಸಿರು ಬಣ್ಣವಾದ ಪತ್ರಹರಿತ್ತು ಬೆಳಕನ್ನು ಹಿಡಿಯುತ್ತದೆ. ಆ ಶಕ್ತಿಯಿಂದ ನೀರು ಒಡೆದು ಆಮ್ಲಜನಕ ಹೊರಗೆ ಹೋಗುತ್ತದೆ, ಶಕ್ತಿ ಎಟಿಪಿ ಮತ್ತು ಎನ್‌ಎಡಿಪಿಎಚ್ ಎಂಬ ಅಣುಗಳಲ್ಲಿ ಕೂಡಿಕೊಳ್ಳುತ್ತದೆ. ಎರಡನೆಯದರಲ್ಲಿ ಆ ಶಕ್ತಿಯನ್ನು ಬಳಸಿ, ಎಲೆಯ ಸೂಕ್ಷ್ಮ ತೂತುಗಳಾದ ಪತ್ರರಂಧ್ರಗಳಿಂದ ಒಳಬಂದ ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿ ಕಟ್ಟಲಾಗುತ್ತದೆ. ಈ ಎರಡನೇ ಹಂತದ ದಾರಿಯನ್ನು ಬಿಡಿಸಿ ತೋರಿಸಿದ್ದಕ್ಕೆ ಮೆಲ್ವಿನ್ ಕ್ಯಾಲ್ವಿನ್ ಅವರಿಗೆ 1961ರ ನೊಬೆಲ್ ಬಂತು. ಇಲ್ಲಿ ದುಡಿಯುವ ಕಿಣ್ವ ರುಬಿಸ್ಕೊ ತೀರಾ ನಿಧಾನ. ಅದರ ಒಂದೊಂದು ಹಿಡಿಯುವ ಜಾಗವೂ ಸೆಕೆಂಡಿಗೆ ಕೆಲವೇ ಅಣುಗಳನ್ನು ಹಿಡಿಯುತ್ತದೆ, ಆದ್ದರಿಂದ ಎಲೆ ಅದನ್ನು ರಾಶಿ ರಾಶಿಯಾಗಿ ಇಟ್ಟುಕೊಳ್ಳಬೇಕಾಗುತ್ತದೆ. ನೀವು ಹಾಕುವ ಸಾರಜನಕದ ದೊಡ್ಡ ಪಾಲು ಹೋಗುವುದು ಈ ಕಿಣ್ವಕ್ಕೆ ಮತ್ತು ಪತ್ರಹರಿತ್ತಿಗೆ. ಗೊಬ್ಬರ ಅಂದರೆ ಪಾತ್ರೆ, ಸೌಟು. ಅವುಗಳನ್ನು ಎಷ್ಟು ತಂದಿಟ್ಟರೂ ಒಲೆ ಉರಿಯದಿದ್ದರೆ ಅನ್ನ ಬೇಯುವುದಿಲ್ಲ.

ನಿಮ್ಮಲ್ಲಿ ಕೊರತೆ ಬೆಳಕಿನದು. ಬೇಸಗೆಯ ನಡುಹಗಲಿನ ಬಿಸಿಲು ಸುಮಾರು 1 ಲಕ್ಷ ಲಕ್ಸ್ (ಒಂದು ಜಾಗಕ್ಕೆ ಬೀಳುವ ಬೆಳಕಿನ ಅಳತೆ). ಆಟಿಯ ದಟ್ಟ ಮೋಡದಡಿ ಬಯಲಿನಲ್ಲೇ ಅದು 5ರಿಂದ 20 ಸಾವಿರಕ್ಕೆ ಇಳಿಯುತ್ತದೆ, ಸೂರಿನ ಕೆಳಗೆ ಇನ್ನೂ ಕಡಿಮೆ. ಇದರ ಮೇಲೆ ದಿಕ್ಕಿನ ವಿಷಯವೂ ಇದೆ, ಇದನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಮಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಯಿಂದ ಉತ್ತರಕ್ಕೆ ಇರುತ್ತಾನೆ. ಡಿಸೆಂಬರಿನಲ್ಲಿ ನಿಮ್ಮ ಬಾಲ್ಕನಿಯ ಒಳಗೆ ಬಿದ್ದ ಬಿಸಿಲು ಜೂನ್‌ನಲ್ಲಿ ಮೋಡ ಸರಿದರೂ ಬೀಳದು.

ಬೆಳಕು ಒಂದು ಮಿತಿಗಿಂತ ಕೆಳಗಿಳಿದರೆ ಎಲೆ ಉಸಿರಾಟಕ್ಕೆ ಸುಡುವ ಸಕ್ಕರೆ, ತಯಾರಿಸಿದ್ದಕ್ಕಿಂತ ಹೆಚ್ಚಾಗುತ್ತದೆ. ಗಿಡ ಆಗ ನೆರಳಲ್ಲಿರುವ ಅಡಿಯ ಎಲೆಗಳಿಂದ ಸಾರಜನಕವನ್ನು ಹಿಂದಕ್ಕೆ ಎಳೆದುಕೊಂಡು ತುದಿಗೆ ಕಳಿಸುತ್ತದೆ, ಕಾಂಡವನ್ನು ಬೆಳಕಿನತ್ತ ಚಾಚುತ್ತದೆ. ಅದೇ ಹೊತ್ತಿಗೆ ನೀವು ಸಾರಜನಕ ಸುರಿದರೆ ಚಾಚುವಿಕೆ ಇನ್ನೂ ಜೋರಾಗುತ್ತದೆ, ಮೆತ್ತಗಿನ ಕಾಂಡಕ್ಕೆ ಹೇನು ಬೇಗ ಹತ್ತುತ್ತದೆ.

ಗುಳ್ಳ ಮತ್ತು ಮೆಣಸನ್ನು ತಾರಸಿಗೆ ಒಯ್ಯಿರಿ. ಅವಕ್ಕೆ ದಿನಕ್ಕೆ 6 ಗಂಟೆಯಾದರೂ ತೆರೆದ ಆಕಾಶ ಬೇಕು. ಮೇಲೆ ಪಾರದರ್ಶಕ ಹಾಳೆ ಕಟ್ಟಿದರೆ ಮಳೆಯ ಹೊಡೆತ ತಪ್ಪುತ್ತದೆ, ಆದರೆ ಹಾಳೆಗೆ ಪಾಚಿ ಕಟ್ಟಿದಾಗ ಒರೆಸಲೇಬೇಕು. ಚಟ್ಟಿಯನ್ನು ಎರಡು ಇಟ್ಟಿಗೆಯ ಮೇಲಿಟ್ಟು ಅಡಿಯ ತೂತು ತೆರೆದಿದೆಯೇ ನೋಡಿ. ನೀರು ನಿಂತ ಮಣ್ಣಿನಲ್ಲಿ ಬೇರಿಗೆ ಉಸಿರಾಡಲು ಆಮ್ಲಜನಕ ಸಿಗದೆ, ಇರುವ ಸಾರಜನಕವನ್ನೂ ಅದು ಎತ್ತಿಕೊಳ್ಳಲಾರದು. ನೀರಲ್ಲಿ ಕರಗುವ ಗೊಬ್ಬರವಾದರೆ 15 ದಿನಕ್ಕೊಮ್ಮೆ ಲೀಟರಿಗೆ 2 ಗ್ರಾಂ ಸಾಕು. ಹಳೆಯ ಎಲೆಯಲ್ಲಿ ನರ ಹಸಿರಾಗಿದ್ದು ನಡುವಿನ ಭಾಗ ಮಾತ್ರ ಹಳದಿಯಾಗಿದ್ದರೆ ಅದು ಮೆಗ್ನೀಸಿಯಂ ಕೊರತೆ. ಪತ್ರಹರಿತ್ತಿನ ಪ್ರತಿ ಅಣುವಿನ ನಡುವೆ ಇರುವುದು ಮೆಗ್ನೀಸಿಯಂ, ನಮ್ಮ ಮುರಕಲ್ಲಿನ (ಜಂಬಿಟ್ಟಿಗೆಯ) ಮಣ್ಣಿನಿಂದ ಮಳೆ ಅದನ್ನು ತೊಳೆದುಬಿಡುತ್ತದೆ. ಲೀಟರಿಗೆ 5 ಗ್ರಾಂ ಎಪ್ಸಮ್ ಉಪ್ಪು ಕರಗಿಸಿ, ಮಳೆ ಬಿಟ್ಟ ಬೆಳಗ್ಗೆ ಎಲೆಗೆ ಸಿಂಪಡಿಸಿ. ಎಳೆಯ ಎಲೆಯೇ ಬಿಳಚಿದ್ದರೆ ಕಬ್ಬಿಣದ ಕಡೆ ನೋಡಬೇಕು.

ಟ್ಯೂಬ್‌ಲೈಟ್ ಹಾಕಲೇ ಎಂದು ಕೇಳುವವರಿದ್ದಾರೆ. 20 ವ್ಯಾಟಿನ ಎಲ್‌ಇಡಿ ಪಟ್ಟಿ ಕೊಡುವುದು ಸುಮಾರು 2,000 ಲ್ಯೂಮೆನ್ ಬೆಳಕು. ಅಷ್ಟನ್ನೂ ಒಂದು ಚದರ ಮೀಟರಿಗೆ ಬೀಳಿಸಿದರೂ 2,000 ಲಕ್ಸ್, ಅಂದರೆ ಬಿಸಿಲಿನ ನೂರರಲ್ಲಿ 2 ಪಾಲು. ಅದರಿಂದ ಗುಳ್ಳ ಕಾಯಿ ಬಿಡದು. ಆ ಬಾಲ್ಕನಿಯಲ್ಲಿ ಮಳೆಗಾಲಕ್ಕೆ ಕೆಸು, ತಿಮರೆ (ಒಂದೆಲಗ) ಇಟ್ಟರೆ ನಿಮಗೂ ಸಮಾಧಾನ, ಗಿಡಕ್ಕೂ ಸುಖ.

ಪ್ರಶ್ನೆ: ಕೆಂಪು ಹರಿವೆಯ ಎಲೆಯಲ್ಲಿ ಹಸಿರೇ ಇಲ್ಲವಲ್ಲ, ಅದು ಆಹಾರ ಹೇಗೆ ಮಾಡುತ್ತದೆ? (ಕಾರ್ಕಳ)

ಉತ್ತರ: ಹಸಿರು ಇದೆ, ಕೆಂಪು ಅದನ್ನು ಮುಚ್ಚಿದೆ. ಆ ಕೆಂಪು ಬೀಟಾಲೇಯ್ನ್ ಎಂಬ ಬಣ್ಣ, ನೀರಿನಲ್ಲಿ ಕರಗುತ್ತದೆ. ಪತ್ರಹರಿತ್ತು ಕರಗದು. ನಾಲ್ಕು ಎಲೆಗಳನ್ನು ಕುದಿಯುವ ನೀರಿಗೆ ಹಾಕಿ ಕೆಲವು ನಿಮಿಷ ಬಿಡಿ, ನೀರು ಕೆಂಪಾಗಿ ಎಲೆಯ ಹಸಿರು ಬಯಲಾಗುತ್ತದೆ. ಹರಿವೆ ಜೋಳ, ಕಬ್ಬುಗಳ ಹಾಗೆ ಇಂಗಾಲದ ಡೈಆಕ್ಸೈಡನ್ನು ಮೊದಲೇ ಒಟ್ಟುಗೂಡಿಸಿ ರುಬಿಸ್ಕೊ ಬಳಿಗೆ ಕಳಿಸುವ ಸಿ4 ಜಾತಿ. ಸುಡುವ ಬಿಸಿಲಿನಲ್ಲೂ ಬಿರುಸಾಗಿ ಬೆಳೆಯುವುದು ಅದಕ್ಕೇ.

ಪ್ರಶ್ನೆ: ಶಾಲೆಯಲ್ಲಿ ಪಿಷ್ಟ ಪರೀಕ್ಷೆ ಮಾಡಿಸಿದೆ. ಕಪ್ಪು ಕಾಗದ ಕಟ್ಟಿದ ಭಾಗಕ್ಕೂ ಬೆಳಕು ಬಿದ್ದ ಭಾಗಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಹೈಡ್ರಿಲ್ಲಾ ಎಂಬ ನೀರಿನ ಗಿಡದಲ್ಲಿ ಆಮ್ಲಜನಕದ ಗುಳ್ಳೆಯೂ ಬರಲಿಲ್ಲ. ಎಲ್ಲಿ ತಪ್ಪಿದೆ? (ಬ್ರಹ್ಮಾವರದ ಶಿಕ್ಷಕಿ)

ಉತ್ತರ: ಮೇಡಂ, ಇದನ್ನು ಜುಲೈಯಲ್ಲಿ ಮಾಡಿಸಿದ್ದರೆ ಅರ್ಧ ಕಾರಣ ಅಲ್ಲೇ ಇದೆ. ಮಂದ ಬೆಳಕಿನಲ್ಲಿ ಎಲೆ ಮಾಡಿದ ಸಕ್ಕರೆ ಆಗಾಗಲೇ ಖರ್ಚಾಗಿ, ಪಿಷ್ಟವಾಗಿ ಕೂಡುವಷ್ಟು ಉಳಿಯುವುದಿಲ್ಲ. ಅಕ್ಟೋಬರ್ ನಂತರ ಇಟ್ಟುಕೊಳ್ಳಿ. ಚಟ್ಟಿಯ ದಾಸವಾಳವನ್ನು 48 ಗಂಟೆ ಕತ್ತಲೆಯಲ್ಲಿಡಿ, ಹಳೆಯ ಪಿಷ್ಟ ಖಾಲಿಯಾಗಲಿ. ಈ ಹೆಜ್ಜೆಯನ್ನು ಅವಸರದಲ್ಲಿ ಬಿಟ್ಟರೆ ಇಡೀ ಎಲೆ ಒಂದೇ ಸಮ ಕಪ್ಪಾಗುತ್ತದೆ. ಕಾಗದವನ್ನು ಎಲೆಯ ಎರಡೂ ಬದಿಗೆ ಹಿಡಿಸಿ, 5–6 ಗಂಟೆ ಬಿಸಿಲಿಗಿಡಿ. ಎಲೆ ಕಿತ್ತು 2 ನಿಮಿಷ ಕುದಿಯುವ ನೀರಿನಲ್ಲಿ ಹಾಕಿ. ಆಮೇಲೆ ಬೆಂಕಿ ಪೂರ್ತಿ ಆರಿಸಿ, ಸ್ಪಿರಿಟ್ ಇರುವ ಗಾಜಿನ ನಳಿಕೆಗೆ ಎಲೆ ಹಾಕಿ ನಳಿಕೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ. ಸ್ಪಿರಿಟ್ 78 ಡಿಗ್ರಿಗೇ ಕುದಿಯುತ್ತದೆ, ಅದರ ಆವಿಗೆ ಬೆಂಕಿ ಹತ್ತುತ್ತದೆ, ಮಕ್ಕಳನ್ನು ದೂರ ನಿಲ್ಲಿಸಿ. ಎಲೆ ಬಿಳಚಿದ ಮೇಲೆ ನೀರಿನಲ್ಲಿ ಅದ್ದಿ, ತಣ್ಣಗಾದ ಬಳಿಕವೇ ಅಯೋಡಿನ್ ಹಾಕಿ. ಎಲೆ ಬಿಸಿಯಿದ್ದರೆ ಪಿಷ್ಟ ಇದ್ದರೂ ನೀಲಿ ಮೂಡುವುದಿಲ್ಲ. ನೀರುಳ್ಳಿ ಎಲೆಯನ್ನು ಆರಿಸಬೇಡಿ, ಅದು ಪಿಷ್ಟ ಕೂಡಿಡುವುದಿಲ್ಲ. ಹಲಸಿನಂಥ ದಪ್ಪ ಎಲೆಯ ಬಣ್ಣ ಸುಲಭಕ್ಕೆ ಬಿಡದು.

ಹೈಡ್ರಿಲ್ಲಾಕ್ಕೆ ಕುದಿಸಿ ಆರಿಸಿದ ನೀರು ಹಾಕಿದ್ದೀರಾ? ಅದರಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿರುತ್ತದೆ. ಲೀಟರಿಗೆ 2 ಗ್ರಾಂ ಅಡುಗೆ ಸೋಡಾ ಕಲಸಿ, ಕಾಂಡವನ್ನು ಹೊಸದಾಗಿ ಓರೆಯಾಗಿ ಕತ್ತರಿಸಿ, ಕತ್ತರಿಸಿದ ತುದಿ ಮೇಲಾಗಿರುವಂತೆ ಮುಳುಗಿಸಿಡಿ.

ಪ್ರಶ್ನೆ: ರಾತ್ರಿ ಮರದಡಿ ಮಲಗಬಾರದು, ಆದರೆ ತುಳಸಿ ಮತ್ತು ಅಶ್ವತ್ಥ ರಾತ್ರಿಯೂ ಆಮ್ಲಜನಕ ಕೊಡುತ್ತವೆ ಎನ್ನುತ್ತಾರೆ. ನಿಜವೇ? (ಮಲ್ಪೆ)

ಉತ್ತರ: ಎರಡೂ ಅಲ್ಲ. ಗಿಡದ ಹಸಿರು ಭಾಗ ಬೆಳಕಿನಲ್ಲಿ ಮಾತ್ರ ಗಾಳಿಯನ್ನು ಶುದ್ಧ ಮಾಡುತ್ತದೆ ಎಂದು ಯಾನ್ ಇಂಗೆನ್‌ಹೌಸ್ 1779ರಲ್ಲೇ ತೋರಿಸಿದರು. ಆ ಆಮ್ಲಜನಕ ಬರುವುದು ನೀರು ಒಡೆದಾಗ ಎಂದು 1941ರಲ್ಲಿ ರೂಬೆನ್ ಮತ್ತು ಕಾಮೆನ್ ಆಮ್ಲಜನಕ-18 (ಆಮ್ಲಜನಕದ ಭಾರವಾದ ರೂಪ) ಬಳಸಿ ಸಾಬೀತು ಮಾಡಿದರು. ನೀರು ಒಡೆಯಲು ಬೆಳಕು ಬೇಕೇ ಬೇಕು, ಕತ್ತಲಲ್ಲಿ ಯಾವ ಗಿಡವೂ ಆಮ್ಲಜನಕ ಬಿಡದು. ಅನಾನಸು ರಾತ್ರಿ ಪತ್ರರಂಧ್ರ ತೆರೆಯುತ್ತದೆ, ಆದರೆ ಅದು ಇಂಗಾಲದ ಡೈಆಕ್ಸೈಡನ್ನು ಒಳಗೆ ಕೂಡಿಡಲು. ಇನ್ನು ಭಯದ ಮಾತು: ಒಂದು ಚದರ ಮೀಟರ್ ಎಲೆ ರಾತ್ರಿ ಗಂಟೆಗೆ ಬಿಡುವ ಇಂಗಾಲದ ಡೈಆಕ್ಸೈಡ್ ಸುಮಾರು 0.1–0.2 ಗ್ರಾಂ. ನಿದ್ದೆಯಲ್ಲಿರುವ ಒಬ್ಬರು ಗಂಟೆಗೆ 20 ಗ್ರಾಂನಷ್ಟು ಬಿಡುತ್ತಾರೆ. ಕೋಣೆಯಲ್ಲಿ ಎರಡು ಚಟ್ಟಿ ಇಟ್ಟರೆ ಹೆದರಬೇಕಿಲ್ಲ.

ಪ್ರಶ್ನೆ: ಬೇಸಗೆಯಲ್ಲಿ ತೆಂಗಿನ ಮಡಲಿನ ಮೇಲೆ ಕಪ್ಪು ಮಸಿ ಕೂರುತ್ತದೆ. ಮರಕ್ಕೆ ರೋಗವೇ? (ಕಟಪಾಡಿ)

ಉತ್ತರ: ಮಸಿ ಎಲೆಯೊಳಕ್ಕೆ ಇಳಿಯುವುದಿಲ್ಲ. ಮೇಲಿನ ಗರಿಗಳ ಅಡಿಯಲ್ಲಿ ಬಿಳಿನೊಣ ರಸ ಹೀರಿ ಸಿಹಿ ಅಂಟು ಸುರಿಸುತ್ತದೆ, ಕೆಳಗಿನ ಗರಿಗೆ ಬಿದ್ದ ಆ ಅಂಟಿನ ಮೇಲೆ ಬೆಳೆದ ಶಿಲೀಂಧ್ರವೇ ಈ ಮಸಿ. ಹಾನಿ ಏನೆಂದರೆ ಅದು ಬೆಳಕು ತಡೆಯುತ್ತದೆ. ಹೊಂಬಾಳೆ ಒಡೆದು ಕಾಯಿ ಬಲಿಯಲು 11–12 ತಿಂಗಳು ಬೇಕಾದ್ದರಿಂದ ನಷ್ಟ ತಡವಾಗಿ ತಿಳಿಯುತ್ತದೆ. ಲೀಟರಿಗೆ 10 ಗ್ರಾಂ ಮೈದಾ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಸೋಸಿ ಮಸಿಯ ಮೇಲೆ ಸಿಂಪಡಿಸಿ. ಒಣಗಿದ ಪದರ ಮಸಿಯನ್ನು ಹಿಡಿದುಕೊಂಡು ಎದ್ದು ಬೀಳುತ್ತದೆ. ನೊಣ ತೀರಾ ಹೆಚ್ಚಿದ್ದರೆ ಲೀಟರಿಗೆ 5 ಮಿ.ಲೀ. ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಂದಿಗೆ ಕಲಸಿ ಗರಿಯ ಅಡಿಗೆ ಹೊಡೆಯಿರಿ. ರಾಸಾಯನಿಕ ಕೀಟನಾಶಕ ಮಾತ್ರ ಬೇಡ. ಬಿಳಿನೊಣದ ಮರಿಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಎನ್‌ಕಾರ್ಸಿಯಾ ಎಂಬ ಪುಟ್ಟ ಕಣಜ ನಮ್ಮ ತೋಟಗಳಲ್ಲೇ ಇದೆ. ವಿಷ ಹೊಡೆದರೆ ಅದು ಮೊದಲು ಸಾಯುತ್ತದೆ, ನೊಣ ಇಮ್ಮಡಿಯಾಗಿ ಮರಳುತ್ತದೆ.