ಮಗುವಿಗೆ ಕ್ಯಾನ್ಸರ್ ಇರುವಾಗ ತಂದೆತಾಯಿಗೆ ತರಬೇತಿ ಏಕೆ?

ಕಲಬುರಗಿಯಿಂದ ಬಂದು ಮುಂಬಯಿಯ ಪರೇಲಿನಲ್ಲಿ ಮಗನ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಕೊಡಿಸುತ್ತಿರುವ ನಿಮ್ಮ ಅಣ್ಣ-ಅತ್ತಿಗೆಯನ್ನು ಆಸ್ಪತ್ರೆಯ ಆಪ್ತಸಮಾಲೋಚಕಿ, ಸಮಸ್ಯೆ ಬಿಡಿಸುವುದನ್ನು ಕಲಿಸುವ ಒಂದು ತರಬೇತಿಗೆ ಕರೆದಿದ್ದಾರೆ. 'ಕಾಯಿಲೆ ಮಗುವಿಗೆ, ಪಾಠ ನಮಗೇಕೆ?' ಎಂದು ಅಣ್ಣ ಒಪ್ಪುತ್ತಿಲ್ಲ, ಹೇಗೆ ತಿಳಿಹೇಳಲಿ ಎಂದು ಕೇಳಿದ್ದೀರಿ. ಮುಂಬಯಿಗೆ ಚಿಕಿತ್ಸೆಗೆಂದು ಬರುವ ಕನ್ನಡ ಕುಟುಂಬಗಳಿಗೆ ವೈದ್ಯರ ಮಾತನ್ನು ತಿಳಿಸಿಕೊಡುವ ಸ್ವಯಂಸೇವಕಿ ನಾನು. ಅವರಿಬ್ಬರೂ ಹೋಗಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ರಕ್ತದ ಕ್ಯಾನ್ಸರಿನ ಚಿಕಿತ್ಸೆ ಸಾಮಾನ್ಯವಾಗಿ ಎರಡರಿಂದ ಮೂರು ವರ್ಷ ನಡೆಯುತ್ತದೆ. ಅಷ್ಟು ಕಾಲ ಬರೀ 'ಧೈರ್ಯ ತಗೊಳ್ಳಿ' ಎಂಬ ಮಾತಿನ ಮೇಲೆ ಯಾವ ತಾಯಿಯೂ ನಿಲ್ಲಲಾರಳು. ಈ ತರಬೇತಿಯಲ್ಲಿ ಉಪದೇಶವಿರುವುದಿಲ್ಲ. ಎದೆಯ ಮೇಲೆ ಕುಳಿತ ದೊಡ್ಡ ಭಯದಿಂದ ಒಂದು ಚಿಕ್ಕ ಸಮಸ್ಯೆಯನ್ನು ಬಿಡಿಸಿ ತೆಗೆದು, ಅದಕ್ಕಿರುವ ದಾರಿಗಳನ್ನೆಲ್ಲ ಬರೆದು, ಅವುಗಳಲ್ಲಿ ಒಂದನ್ನು ಆರಿಸಿ ಮಾಡಿ ನೋಡಿ, ಫಲಿಸದಿದ್ದರೆ ಮತ್ತೊಂದನ್ನು ಹಿಡಿಯುವ ಅಭ್ಯಾಸವಿರುತ್ತದೆ.

ಉದಾಹರಣೆಗೆ, ಕೀಮೋ, ಅಂದರೆ ಕ್ಯಾನ್ಸರಿನ ಔಷಧಿ, ಕೊಟ್ಟ ಮೇಲೆ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಇಳಿದಾಗ ಜ್ವರವೆಂಬುದು ತುರ್ತು ಸ್ಥಿತಿ, 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಿನ ತನಕ ಕಾಯುವಂತಿಲ್ಲ, ವೈದ್ಯರನ್ನು ಕೇಳದೆ ಜ್ವರದ ಮಾತ್ರೆ ಕೊಡುವಂತೆಯೂ ಇಲ್ಲ. ಇದನ್ನು ಕೇಳಿದ ತಾಯಿ ನಿದ್ದೆ ಬಿಡುತ್ತಾಳೆ. ತರಬೇತಿಯಲ್ಲಿ ಅದೇ ಭಯವನ್ನು ಬಿಡಿಬಿಡಿಯಾಗಿ ಕೇಳುತ್ತಾರೆ: ಥರ್ಮಾಮೀಟರ್ ಎಲ್ಲಿದೆ, ರಾತ್ರಿ ಯಾವ ನಂಬರಿಗೆ ಫೋನ್ ಮಾಡಬೇಕು, ಟ್ಯಾಕ್ಸಿಗೆ ಹಣ ತೆಗೆದಿಟ್ಟಿದೆಯೇ, ಫೈಲು ಯಾರ ಕೈಯಲ್ಲಿರಬೇಕು? ಉತ್ತರಗಳು ಕಾಗದದ ಮೇಲೆ ಬಂದ ಮೇಲೆ ಭಯ ಪೂರ್ತಿ ಹೋಗದಿದ್ದರೂ, ಆ ರಾತ್ರಿ ಬಂದರೆ ಕೈಕಾಲು ಆಡುತ್ತವೆ.

ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಮಗುವಿಗೆ ಆಗಷ್ಟೇ ಕ್ಯಾನ್ಸರ್ ಪತ್ತೆಯಾಗಿದ್ದ 430 ತಾಯಂದಿರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಂದೊಂದು ಗಂಟೆಯ ಎಂಟು ಭೇಟಿಗಳಲ್ಲಿ ಇಂತಹ ತರಬೇತಿ ಪಡೆದವರ ಸಮಸ್ಯೆ ಬಿಡಿಸುವ ಶಕ್ತಿ ಹೆಚ್ಚಿತು, ಮನಸ್ಸಿನ ಕುಗ್ಗುವಿಕೆ ಕಡಿಮೆಯಾಯಿತು. ಅದು ತಾಯಂದಿರ ಅಧ್ಯಯನವಾದರೂ, ಹಣ ಹೊಂದಿಸುವ ಚಿಂತೆಯನ್ನು ಒಬ್ಬರೇ ನುಂಗಿಕೊಂಡು ಓಡಾಡುವ ತಂದೆಯರಿಗೂ ಇದು ಬೇಕೆಂದು ನನಗೆ ಅನಿಸುತ್ತದೆ.

ಅಣ್ಣನವರೊಡನೆ ವಾದಕ್ಕಿಳಿಯಬೇಡಿ. 'ಒಂದು ಸಲ ಹೋಗಿ ಬಾ ಅಣ್ಣ, ಆ ಹೊತ್ತು ಮಗುವಿನ ಹತ್ತಿರ ನಾನಿರುತ್ತೇನೆ' ಎಂದು ಹೇಳಿ, ಹಾಗೆಯೇ ಇರಿ. ಎಷ್ಟೋ ತಂದೆತಾಯಂದಿರು ತಪ್ಪಿಸಿಕೊಳ್ಳುವುದು ಮಗುವನ್ನು ಬಿಟ್ಟು ಏಳಲಾರದೆ. ತರಬೇತಿ ಹಿಂದಿಯಲ್ಲೋ ಮರಾಠಿಯಲ್ಲೋ ಆದರೆ, ಕನ್ನಡ ಬಲ್ಲವರೊಬ್ಬರು ಜೊತೆಗಿರಲಿ ಎಂದು ಸಮಾಲೋಚಕಿಯನ್ನು ಸಂಕೋಚವಿಲ್ಲದೆ ಕೇಳಿ, ಏಕೆಂದರೆ ಇಂತಹ ಸಂಕಟವನ್ನು ಅರ್ಧಂಬರ್ಧ ಬರುವ ಭಾಷೆಯಲ್ಲಿ ಹೇಳಿಕೊಳ್ಳಲಾಗುವುದಿಲ್ಲ. ಅತ್ತಿಗೆಯವರು ಊಟ-ನಿದ್ದೆ ಬಿಟ್ಟಿದ್ದರೆ ಮುಂದಿನ ಭೇಟಿಗೆ ಕಾಯದೆ ವೈದ್ಯರಿಗೆ ತಿಳಿಸಿ; ಸರ್ಕಾರದ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.